ಅನಧ್ಯಾಯದ ಮೂರು ದಿನಗಳು

ಹಲಗೇರಿ, ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಗಳಿಂದ ಪರಸ್ಥಳದ ಕಾಲೇಜುಗಳಿಗೆ ಹೋಗಿ ನೆಲಸಿರುವ ವಿದ್ಯಾರ್ಥಿಗಳಲ್ಲಿ ಒಂದು ರೂಢಿಯು ಈಚೆಗೆ ಬಲವಾಗಿ ಬೇರೂರಿರುವದು. ಶನಿವಾರ ರವಿವಾರಗಳ ಹಿಂದಾಗಲಿ ಮುಂದಾಗಲಿ ಒಂದು ಹಬ್ಬವು ಕೂಡಿಬಂದರೆ ಮೂರು ದಿನದ ಸೂಟಿ ಸಿಕ್ಕಿತೆಂದು ನಾಲ್ಕೈದು ಜನ ಗೆಳೆಯರು ಒಟ್ಟಾಗಿ, ತಾವು ಹಿಂದೆಂದೂ ಕಾಣದ ಪಟ್ಟಣವೊಂದಕ್ಕೆ ಹೊರಟುಬಿಡುವರು. ಅಲ್ಲಿಯ ಪೇಟೆ, ಗುಡಿ, ಕೋಟೆ, ಉಪಾಹಾರಗೃಹಗಳನ್ನೆಲ್ಲ ಸುತ್ತಿ, ಕಾಲು ಬಾತು, ಕಿಸೆ ಬರಿದಾಗಿ, ಸೋಮವಾರದ ಪಾಠಕ್ಕೆ ತೂಕಡಿಸುತ್ತ ಬಂದು ಕುಳಿತುಕೊಳ್ಳುವರು. ಮನೆಯ ಹಿರಿಯರಿಗೆ ಇದು ಸೇರದು. ಓದಲು ಕಳಿಸಿದರೆ ಊರು ತಿರುಗುವರೆಂದು ಗೊಣಗುವರು. ಈ ಗೊಣಗಾಟದ ತಳದಲ್ಲಿ ಒಂದು ನಂಬಿಕೆಯಿದೆ. ಹಿಂದಿನ ಕಾಲದ ವಿದ್ಯಾರ್ಥಿಯು ಗುರುಕುಲದ ಹೊಸ್ತಿಲನ್ನು ದಾಟದೆ ಹಗಲಿರುಳೂ ಅಧ್ಯಯನದಲ್ಲಿಯೇ ಮುಳುಗಿರುತ್ತಿದ್ದನೆಂಬದೇ ಆ ನಂಬಿಕೆ. ಇತಿಹಾಸವು ಇದಕ್ಕೆ ಸಾಕ್ಷಿ ನುಡಿಯುವದಿಲ್ಲ.

ಮೊದಲು ಶಾಸ್ತ್ರವನ್ನೇ ವಿಚಾರಿಸೋಣ. ನಮ್ಮ ಧರ್ಮಶಾಸ್ತ್ರಕಾರರು ಅಧ್ಯಯನದ ವಿಧಿಯನ್ನು ಹೇಳಿದಷ್ಟೇ ಆಸ್ಥೆಯಿಂದ ಅನಧ್ಯಾಯದ ವಿಧಿಯನ್ನೂ ಹೇಳಿದ್ದಾರೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕಾಗಿಯೇ ಸಾಲು ಸಾಲು ಶ್ಲೋಕಗಳು ಮೀಸಲಾಗಿವೆ. ಅಮಾವಾಸ್ಯೆಯ ಪಾಠವು ಗುರುವನ್ನು ಕೊಲ್ಲುವದು, ಚತುರ್ದಶಿಯ ಪಾಠವು ಶಿಷ್ಯನನ್ನು ಕೊಲ್ಲುವದು, ಅಷ್ಟಮಿ ಹುಣ್ಣಿವೆಗಳ ಪಾಠವು ಕಲಿತ ವೇದವನ್ನೇ ಕೆಡಿಸುವದು ಎಂದು ಅಲ್ಲಿಯ ಎಚ್ಚರಿಕೆ. ಪ್ರತಿಪದೆಯ ಮಾತನ್ನು ವಾಲ್ಮೀಕಿಯೇ ನೆನಪಿಸಿಕೊಟ್ಟಿದ್ದಾನೆ. ಸುಂದರಕಾಂಡದಲ್ಲಿ ಹನುಮಂತನು ಲಂಕೆಯಲ್ಲಿ ಕಂಡ ಸೀತೆಯ ಕೃಶತೆಯನ್ನು ಬಣ್ಣಿಸುವಾಗ, ಪಾಡ್ಯದ ದಿನ ಓದುವವನ ವಿದ್ಯೆಯಂತೆ ಆಕೆಯು ಸೊರಗಿದ್ದಳೆಂದು ಹೇಳುತ್ತಾನೆ. ಹೀಗೆ ಚತುರ್ದಶಿ, ಪರ್ವ, ಪ್ರತಿಪದೆ ಎಂದು ಒಂದರ ಹಿಂದೊಂದು ಮೂರು ದಿನಗಳ ಬಿಡುವು ಪ್ರತಿ ಪಕ್ಷಕ್ಕೊಮ್ಮೆ ತಾನಾಗಿಯೇ ಒದಗುವದು. ಎರಡು ಅಷ್ಟಮಿಗಳನ್ನು ಕೂಡಿಸಿದರೆ ತಿಂಗಳಿಗೆ ಎಂಟು ದಿನ. ಇಂದಿನ ಶನಿವಾರ ರವಿವಾರಗಳನ್ನು ಎಣಿಸಿದರೂ ಲೆಕ್ಕ ಅಷ್ಟೇ ಬರುವದು!

ಇವು ನಿಯತವಾದವು. ಇವಲ್ಲದೆ ಧೂಳಿನ ಗಾಳಿ ಎದ್ದರೆ, ಅಕಾಲದಲ್ಲಿ ಗುಡುಗಿದರೆ, ನಾಯಿ ಬೊಗಳಿದರೆ, ಕತ್ತೆ ಕೂಗಿದರೆ, ಶಿಷ್ಟರಾದ ಅತಿಥಿಗಳು ಮನೆಗೆ ಬಂದರೆ ಆಗಲೂ ಪುಸ್ತಕ ಕಟ್ಟಬೇಕು. ಇವೆಲ್ಲ ವೇದಾಧ್ಯಯನಕ್ಕೆ ಮಾತ್ರವೇ ಹೊರತು ವೇದಾಂಗಗಳಿಗಲ್ಲವೆಂದು ಮನುವು ಬೇರೆಡೆಗೆ ಹೇಳಿದ್ದಾನೆ. ಆದರೆ ಪಾಠಶಾಲೆಗಳು ವ್ಯಾಕರಣ, ಕಾವ್ಯಗಳಿಗೂ ಆ ಬಿಡುವನ್ನೇ ಹಬ್ಬಿಸಿಕೊಂಡವು. ಯಾವ ಕಾಲದಲ್ಲಿಯೂ ವಿದ್ಯಾರ್ಥಿಗಳು ಇದಕ್ಕೆ ಅಡ್ಡಿ ಹೇಳಿದ ದಾಖಲೆಯಿಲ್ಲ.

ಎಂಟನೆಯ ಶತಮಾನದ ಭವಭೂತಿಯು ತನ್ನ 'ಉತ್ತರರಾಮಚರಿತ'ದ ನಾಲ್ಕನೆಯ ಅಂಕದಲ್ಲಿ ಈ ಅನಧ್ಯಾಯದ ಗದ್ದಲವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾನೆ. ವಾಲ್ಮೀಕಿಯ ಆಶ್ರಮಕ್ಕೆ ವಸಿಷ್ಠಾದಿಗಳು ಬಂದಿದ್ದಾರೆ. ಹಿರಿಯರಿಗೆ ಅದು ಗಂಭೀರವಾದ ಸಮಾಗಮ. ವಟುಗಳಿಗೋ, ಪಾಠ ತಪ್ಪಿತೆಂಬ ಹಿಗ್ಗು. ಅಷ್ಟರಲ್ಲಿ ಹುಡುಗರ ಗುಂಪೊಂದು ಲವನ ಕಡೆಗೆ ಓಡಿಬಂದು, ಕುದುರೆಯೆಂದು ಹೆಸರುಳ್ಳ ಪ್ರಾಣಿಯನ್ನು ತಾವು ಪ್ರತ್ಯಕ್ಷ ಕಂಡೆವೆಂದು ಕೂಗಿ ಹೇಳುವದು. ಅದರ ಬಾಲ ಹೀಗಿದೆ, ಗೊರಸು ಹೀಗಿದೆ, ಅದು ಹುಲ್ಲು ತಿನ್ನುವದು ಎಂದು ವರ್ಣಿಸುವದು. ಅಶ್ವಮೇಧದ ಕಾಂಡವನ್ನು ನೀವೂ ಓದಿಲ್ಲವೇ ಎಂದು ಲವನು ಅವರನ್ನು ಗದರಿಸುವನು. ಓದಿದ್ದರು, ನಿಜ, ಕಂಡಿರಲಿಲ್ಲ. ಗ್ರಂಥದಲ್ಲಿ ಕುದುರೆಯನ್ನು ಕಂಠಪಾಠ ಮಾಡಿದವನು ಬೀದಿಯಲ್ಲಿ ಕುದುರೆಯನ್ನು ಕಂಡು ಬೆರಗಾದದ್ದು ಅನಧ್ಯಾಯದ ದಿನದಲ್ಲಿಯೇ ಎಂಬದನ್ನು ಕವಿಯು ಸುಮ್ಮನೆ ಜೋಡಿಸಿರಲಾರನು.

ಇದು ಕಾವ್ಯದ ಮಾತಾಯಿತು. ಕನ್ನಡನಾಡಿನ ಶಾಸನಗಳಲ್ಲಿ ಪರಸ್ಥಳದ ವಿದ್ಯಾರ್ಥಿಯ ಸುದ್ದಿ ವಿಪುಲವಾಗಿದೆ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ೯೪೫ರ ಶಾಸನವು ಹೇಳುವದು. ಅವರ ವಾಸಕ್ಕಾಗಿ ೨೭ ಮನೆಗಳಿದ್ದವು; ರಾತ್ರಿಯ ದೀಪಕ್ಕೆಂದೇ ಬೇರೆ ಭೂಮಿಯಿತ್ತು. ಊರವರು ತಮ್ಮ ಮನೆಯ ಮದುವೆ ಮುಂಜಿವೆಗಳಲ್ಲಿ ಶಾಲೆಗೆ ಇಂತಿಷ್ಟು ನಾಣ್ಯಗಳನ್ನು ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಎಂದಮೇಲೆ ಪರದೇಶದ ಹುಡುಗನು ಆ ಊರಿಗೆ ಬರಿಯ ಓದುಗನಾಗಿರಲಿಲ್ಲ. ಊರ ಮದುವೆಯ ಲೆಕ್ಕದಲ್ಲಿ ಅವನಿಗೂ ಒಂದು ಪಾಲಿತ್ತು. ಕಲಬುರ್ಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ೧೦೫೮ರಲ್ಲಿ ವೇದವನ್ನು ಕಲಿಯುವವರೇ ಇನ್ನೂರು ಜನರಿದ್ದರು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗಳಿದ್ದರು.

ಹಾವೇರಿಯ ಸೀಮೆಗೆ ಸಮೀಪವಾದದ್ದು ಬಳ್ಳಿಗಾವೆ. ಬನವಾಸಿ ಪನ್ನಿರ್ಛಾಸಿರದ ಈ ರಾಜಧಾನಿಯಲ್ಲಿ ಕೇದಾರೇಶ್ವರನ ಕೋಡಿಯಮಠವಿತ್ತು. ೧೧೬೨ರ ಶಾಸನವು ಈ ಮಠವನ್ನು ಬಣ್ಣಿಸುವ ಭಾಗವನ್ನು ಓದಿದರೆ ಅದು ಮಠವೋ ಪಟ್ಟಣವೋ ಎಂಬ ಭ್ರಾಂತಿಯುಂಟಾಗುವದು. ಸಾಂಗವಾದ ನಾಲ್ಕು ವೇದಗಳು, ಪಾಣಿನಿಯದೂ ಶಾಕಟಾಯನನದೂ ಸೇರಿ ಹಲವು ವ್ಯಾಕರಣಗಳು, ಷಡ್ದರ್ಶನಗಳು, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು — ಇವುಗಳ ವ್ಯಾಖ್ಯಾನ ಒಂದು ಕಡೆಗೆ. ಮತ್ತೊಂದು ಕಡೆಗೆ ದೀನರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು ಇವರಿಗೆಲ್ಲ ಅನ್ನದಾನ, ರೋಗಿಗಳಿಗೆ ಔಷಧೋಪಚಾರ, ಹೆದರಿ ಬಂದವರಿಗೆ ಅಭಯ. ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನು ಇಲ್ಲಿ ಅನಧ್ಯಾಯವನ್ನು ಕಳೆಯಲು ದೂರ ಹೋಗಬೇಕಾಗಿರಲಿಲ್ಲ. ಒಳಗಿನ ಅಂಕಣದಲ್ಲಿ ಸೂತ್ರಪಾಠ ನಿಂತರೆ ಹೊರಗಿನ ಅಂಗಳದಲ್ಲಿ ಲೋಕವೇ ನೆರೆದಿರುತ್ತಿತ್ತು.

ಹೊಸ ಪಟ್ಟಣವು ವಿದ್ಯಾರ್ಥಿಗೆ ಯಾವಾಗಲೂ ಸವಿಯಾಗಿಯೇ ಕಂಡಿತೆಂದು ತಿಳಿಯಬಾರದು. ಈ ನಾಡಿನ ಇತಿಹಾಸದ ಮೊದಲ ಪುಟದಲ್ಲಿಯೇ ಇದಕ್ಕೆ ವಿಪರೀತವಾದ ಕಥೆಯಿದೆ. ಬಳ್ಳಿಗಾವೆಗೆ ಒಂದೆರಡು ಹರದಾರಿಯೊಳಗೆ ಇರುವ ತಾಳಗುಂದದ ಮಯೂರಶರ್ಮನು ನಾಲ್ಕನೆಯ ಶತಮಾನದಲ್ಲಿ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋದನು. ನೆಟ್ಟಗೆ ಅಳೆದರೂ ಐದುನೂರು ಕಿಲೋಮೀಟರಿಗೆ ಮಿಕ್ಕ ದಾರಿ. ಸಕಲ ಪ್ರವಚನವನ್ನೂ ಕಲಿಯಬೇಕೆಂಬ ಹಂಬಲದಿಂದ ಅವನು ಅಲ್ಲಿಯ ಘಟಿಕೆಯನ್ನು ಸೇರಿದನು. ಅಲ್ಲಿ ಅಶ್ವಕ್ಕೆ ಸಂಬಂಧಿಸಿದ ಒಂದು ತೀವ್ರ ಕಲಹದಲ್ಲಿ ಅವನು ರೊಚ್ಚಿಗೆದ್ದನೆಂದು ಶಾಸನವು ಹೇಳುವದು. ಕುದುರೆಯ ಸವಾರನೊಡನೆ ಆದ ಜಗಳವೆಂದು ಬಹು ಜನ ವಿದ್ವಾಂಸರ ಅರ್ಥ. ಅಶ್ವಸಂಸ್ಥವೆಂಬ ಆ ಪದವನ್ನು ಬೇರೆ ರೀತಿಯಾಗಿ ಬಿಡಿಸುವವರೂ ಇದ್ದಾರೆ. ಭವಭೂತಿಯ ನಾಟಕದಲ್ಲಿಯೂ ಲವನಿಗೆ ಕುದುರೆಗಾವಲಿನವರೊಡನೆಯೇ ಕಾದಾಟ ಹತ್ತುವದು. ನಾಟಕಕ್ಕೂ ಶಾಸನಕ್ಕೂ ಸಂಬಂಧವೇನೂ ಇಲ್ಲ, ಆದರೆ ಪಾಠಶಾಲೆಯ ಹುಡುಗನಿಗೂ ಅಧಿಕಾರದವನ ಕುದುರೆಗೂ ಬೀದಿಯಲ್ಲಿ ಎದುರುಬದುರಾಗುವ ಸಂಭವವು ಎಲ್ಲ ಕಾಲದಲ್ಲಿಯೂ ಇದ್ದದ್ದೇ ಸರಿ.

ಈ ಕಲಹದಲ್ಲಿ ಮಯೂರಶರ್ಮನು ಕಲಿತದ್ದೇನು? ಕಲಿಯುಗದಲ್ಲಿ ಬ್ರಾಹ್ಮಣ್ಯವು ಕ್ಷಾತ್ರಕ್ಕೆ ಕೀಳಾಯಿತಲ್ಲಾ ಎಂದು ಅವನು ಮರುಗಿದನಂತೆ. ದರ್ಭೆ, ಸಮಿತ್ತು, ಸ್ರುಕ್ಕು, ಆಜ್ಯ, ಚರುಗಳನ್ನು ಹಿಡಿಯಲು ಪಳಗಿದ ಕೈಯಿಂದ ಹೊಳೆಯುವ ಖಡ್ಗವನ್ನು ಸೆಳೆದನಂತೆ. ಶ್ರೀಪರ್ವತದ ಅಡವಿಯನ್ನು ಹೊಕ್ಕು, ಬೃಹದ್ಬಾಣರಿಂದ ಕಪ್ಪವನ್ನು ಕಸಿದುಕೊಂಡು, ಕೊನೆಗೆ ಪಲ್ಲವರೇ ಅವನಿಗೆ ಪಶ್ಚಿಮ ಸಮುದ್ರದವರೆಗಿನ ನಾಡನ್ನು ಒಪ್ಪಿಸುವಂತೆ ಮಾಡಿದನು. ಕದಂಬ ರಾಜ್ಯವು ಹುಟ್ಟಿದ್ದು ಹೀಗೆ. ಇಲ್ಲಿ ಒಂದು ಎಚ್ಚರ ಅವಶ್ಯ. ಈ ಶಾಸನವನ್ನು ಕುಬ್ಜಕವಿಯು ರಚಿಸಿದ್ದು ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ. ನಡೆದ ಸಂಗತಿಗೆ ನೂರು ವರ್ಷವಾದ ತರುವಾಯ, ಸಂತತಿಯವರ ಆಶ್ರಯದಲ್ಲಿ ಬರೆದ ಮಾತಿದು. ಮೂಲಪುರುಷನ ಸಿಟ್ಟಿಗೆ ಅಷ್ಟಿಷ್ಟು ಮೆರುಗು ಹತ್ತಿರಲೂಬಹುದು. ಆದರೂ ಒಂದು ರಾಜವಂಶವು ತನ್ನ ಮೂಲವನ್ನು ಹೇಳಿಕೊಳ್ಳುವಾಗ ಯುದ್ಧರಂಗವನ್ನಾಗಲಿ ದೇವತೆಯ ವರವನ್ನಾಗಲಿ ಮುಂದೆ ಮಾಡದೆ, ಪರಸ್ಥಳದಲ್ಲಿ ಅವಮಾನಿತನಾದ ಒಬ್ಬ ವಿದ್ಯಾರ್ಥಿಯನ್ನು ಮುಂದೆ ನಿಲ್ಲಿಸಿತೆಂಬದು ಗಮನಾರ್ಹವಾಗಿದೆ.

ಇನ್ನು ಈ ಜಿಲ್ಲೆಯದೇ ಆದ ಪ್ರಸಂಗಕ್ಕೆ ಬರೋಣ. ಹಾವೇರಿಯಿಂದ ನಾಲ್ಕೈದು ಹರದಾರಿಯ ಮೇಲಿರುವ ಬಂಕಾಪುರವು ಇಂದು ಒಂದು ಸಾಧಾರಣ ಊರು. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಅದು ಅಂಥದಾಗಿರಲಿಲ್ಲ. ಅಮೋಘವರ್ಷ ನೃಪತುಂಗನ ದಂಡನಾಯಕನಾದ ಚೆಲ್ಲಕೇತನ ಕುಲದ ಬಂಕೆಯನಿಂದ ಅದಕ್ಕೆ ಆ ಹೆಸರು ಬಂದಿತು. ಅವನ ಮಗ ಲೋಕಾದಿತ್ಯನು ಅಲ್ಲಿಂದಲೇ ಬನವಾಸಿಯನ್ನು ಆಳುತ್ತಿದ್ದಾಗ, ೮೯೮ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ದ ಪೂಜೆಯು ಆ ಊರಲ್ಲಿ ನಡೆಯಿತು. ಅಂದರೆ ಗ್ರಂಥವೊಂದು ಮುಗಿದದ್ದೇ ಊರಿಗೆ ಉತ್ಸವವಾಗುವಂಥ ಪಟ್ಟಣವದು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಅಲ್ಲಿದ್ದರು. ಅವರ ಬಳಿಗೆ ಮುಧೋಳದಿಂದ ಒಬ್ಬ ಹುಡುಗನು ಬಂದನು.

ಅವನೇ ರನ್ನ. ೯೪೯ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು; ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹೆಗಲಿಗೆ ಬಳೆಯ ಮಲಾರವನ್ನು ಹಾಕಿಕೊಂಡು ಊರೂರು ತಿರುಗುವ ಕುಲದಲ್ಲಿ ಹುಟ್ಟಿದ ಹುಡುಗನಿಗೆ ಪರಸ್ಥಳವೆಂಬದು ಹೊಸತಲ್ಲ, ಆದರೆ ವಿದ್ಯೆಗಾಗಿ ಪರಸ್ಥಳಕ್ಕೆ ಹೋಗುವದು ಹೊಸತು. ಘಟಪ್ರಭೆಯ ದಡದ ಮುಧೋಳಕ್ಕೆ ಬಂಕಾಪುರವು ಹೆಚ್ಚು ಕಡಿಮೆ ನೆಟ್ಟ ದಕ್ಷಿಣಕ್ಕೆ, ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ನಡುವೆ ಮಲಪ್ರಭೆಯನ್ನು ದಾಟಬೇಕು. ಅಜಿತಸೇನರು ತನ್ನ ಗುರುಗಳೆಂದು ರನ್ನನೇ ಹೇಳಿಕೊಂಡಿದ್ದಾನೆ. ಅವನ ಅಧ್ಯಯನವು ನಡೆದದ್ದು ಬಂಕಾಪುರದಲ್ಲಿ ಎಂದು ಸಾಹಿತ್ಯಚರಿತ್ರಕಾರರು ಹೇಳುವರು.

ಆ ಕಾಲದ ಬಂಕಾಪುರವು ಹುಡುಗನೊಬ್ಬನಿಗೆ ತೋರಿಸಿದ್ದೇನೆಂಬದನ್ನು ನೋಡಬೇಕು. ೯೭೩ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಮುರಿದನು. ಇನ್ನೂರು ವರ್ಷ ಬಾಳಿದ ಸಾಮ್ರಾಜ್ಯವು ಕುಸಿಯಿತು. ಅದನ್ನು ಎತ್ತಿ ನಿಲ್ಲಿಸಲು ಕೊನೆಯವರೆಗೆ ಹೆಣಗಿದವನು ಗಂಗ ದೊರೆ ಮಾರಸಿಂಹ. ಹೆಣಗಾಟವು ಸಾಗದೆಹೋದಾಗ ಅವನು ರಾಜ್ಯವನ್ನು ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ ೯೭೪ರ ಸುಮಾರಿಗೆ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಇದನ್ನು ಸಾರುವದು. ಆಗ ರನ್ನನಿಗೆ ಇಪ್ಪತ್ತೈದು ವರ್ಷ. ಮುಂದೆ ಈ ಕವಿಯೇ 'ಗದಾಯುದ್ಧ'ದಲ್ಲಿ ಎಲ್ಲವನ್ನೂ ಕಳೆದುಕೊಂಡ ಒಬ್ಬ ಅರಸನ ಕೊನೆಯ ದಿನವನ್ನು ಹಾಡಿದನು. ಮಾರಸಿಂಹನ ಮರಣಕ್ಕೂ ದುರ್ಯೋಧನನ ಮರಣಕ್ಕೂ ಗಂಟು ಹಾಕುವದು ಇತಿಹಾಸಕಾರನ ಕೆಲಸವಲ್ಲ. ಆದರೆ ವ್ಯಾಕರಣದ ಗುರುವೇ ಒಬ್ಬ ಚಕ್ರವರ್ತಿತುಲ್ಯನ ಮರಣಕಾಲದ ಗುರುವೂ ಆಗಿದ್ದಂಥ ಊರು ಅದಾಗಿತ್ತು. ಇಂಥ ಪಾಠವು ಯಾವ ಓಲೆಗರಿಯಲ್ಲಿಯೂ ಸಿಕ್ಕುವಂಥದಲ್ಲ.

ಬಂಕಾಪುರದ ಮೂಲಕವೇ ರನ್ನನಿಗೆ ಗಂಗವಾಡಿಯ ಬಾಗಿಲು ತೆರೆಯಿತೆನ್ನಬೇಕು. ಮಾರಸಿಂಹನ ಮಂತ್ರಿಯಾದ ಚಾವುಂಡರಾಯನೂ ಅಜಿತಸೇನರ ಶಿಷ್ಯನೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರನ್ನು ಕೊರೆದಿದೆ. ಚಾವುಂಡರಾಯನ ಹೆಸರೂ ಅದೇ ಬೆಟ್ಟದ ಮೇಲಿದೆ. ಈ ಕವಿರತ್ನನು ರನ್ನನೇ ಎಂದು ವಿದ್ವಾಂಸರು ಒಪ್ಪಿಕೊಂಡು ಬಂದಿದ್ದಾರೆ. ಪ್ರಶಸ್ತಿಯಿಲ್ಲ, ಸಂವತ್ಸರವಿಲ್ಲ, ಬರಿಯ ಹೆಸರು. ನಾಡಿನ ಮಹಾಕವಿಯು ತನ್ನ ಕೈಯಾರೆ ಬಿಟ್ಟುಹೋದ ಗುರುತೆಂದರೆ ಇದೊಂದೇ. ಅದೂ ಗೆಳೆಯರೊಡನೆ ಸಹಲಿಗೆ ಹೋದ ಯಾವ ಹುಡುಗನಾದರೂ ಮಾಡಬಹುದಾದ ಕೆಲಸ!

ಇಲ್ಲಿ ಒಂದು ತೊಡಕು ಏಳುವದು. ಇಂದು ಹಂಪೆಗೋ ಬಾದಾಮಿಗೋ ಹೋದ ವಿದ್ಯಾರ್ಥಿಯು ಕಂಬದ ಮೇಲೆ ತನ್ನ ಹೆಸರನ್ನು ಗೀಚಿದರೆ ಅದು ಅಪರಾಧ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯ ಮೇರೆಗೆ, ರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ರನ್ನನು ಗೀಚಿದ್ದು ಶಾಸನವಾಗಿ, ಇವನು ಗೀಚಿದ್ದು ಕೇಡೇಕಾಯಿತೆಂದು ಚುರುಕಾದ ಹುಡುಗನು ಕೇಳಬಹುದು. ರನ್ನನು ಪದ್ಯ ಬರೆದವನೆಂಬ ಉತ್ತರವು ಸಾಲದು. ಚಿಕ್ಕಬೆಟ್ಟದ ಬಯಲು ಬಂಡೆಯ ಮೇಲೆ ಯಾತ್ರಿಕರು ಹೆಸರು ಕೊರೆಯುವದು ಆ ಕ್ಷೇತ್ರದ ವಾಡಿಕೆಯೇ ಆಗಿತ್ತು. ಅಂಥ ಹೆಸರುಗಳು ಅಲ್ಲಿ ಹಲವಾರಿವೆ. ಅಲ್ಲಿಗೆ ಬಂದೆನೆಂದು ಕ್ಷೇತ್ರದ ಮುಂದೆ ಹೇಳಿಕೊಳ್ಳುವ ರೀತಿಯದು. ಇನ್ನೊಬ್ಬನು ತಿದ್ದಿ ತೀಡಿದ ಶಿಲ್ಪದ ಮೈಮೇಲೆ ಬೀಗದ ಕೈಯಿಂದ ಕೆರೆಯುವದು ಶಿಲ್ಪಿಯ ಕೆಲಸವನ್ನು ಅಳಿಸುವದಾಗಿದೆ. ಎರಡಕ್ಕೂ ಅಂತರವು ದೊಡ್ಡದು. ಕಾಯಿದೆಯು ಸರಿಯಾಗಿಯೇ ಇದೆ.

ಮುಂದೆ ಪರಕೀಯರ ಆಳಿಕೆಯಲ್ಲಿ ತಿಥಿಯ ಬದಲು ವಾರವು ಬಂದಿತು. ಪಕ್ಷಕ್ಕೊಮ್ಮೆ ಒದಗುತ್ತಿದ್ದ ಮೂರು ದಿನಗಳು ಒಂದು ರವಿವಾರಕ್ಕೆ ಇಳಿದವು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದತ್ತ ಸದರ್ನ್ ಮರಾಠಾ ರೈಲ್ವೆಯು ಹಾಯ್ದು, ಹಾವೇರಿ ಬ್ಯಾಡಗಿ ರಾಣೇಬೆನ್ನೂರುಗಳಿಗೆ ನಿಲ್ದಾಣಗಳಾದವು. ಆದರೂ ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಈ ಸೀಮೆಯ ಹುಡುಗನು ಪದವಿಗಾಗಿ ಪುಣೆಯನ್ನೋ ಮುಂಬಯಿಯನ್ನೋ ಕಾಣಬೇಕಾಗಿತ್ತು. ಅದೇ ೧೯೧೭ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹೊರಬಿದ್ದಿತು. ಪುಣೆಯಲ್ಲಿ ಓದಿ ಬಂದಿದ್ದ ಅವರನ್ನು ಅಲುಗಿಸಿದ್ದು ತರಗತಿಯ ಯಾವ ವ್ಯಾಖ್ಯಾನವೂ ಅಲ್ಲ, ೧೯೦೫ರಲ್ಲಿ ವಿಜಯನಗರದ ಹಾಳೂರಿಗೆ ಮಾಡಿದ ಒಂದು ಯಾತ್ರೆ. ಇಷ್ಟೆಲ್ಲದರಲ್ಲಿ ಹೆಣ್ಣುಮಕ್ಕಳ ಮಾತು ಬರಲಿಲ್ಲವೆಂದು ವಾಚಕರು ಗಮನಿಸಿರಬಹುದು. ಘಟಿಕೆಗಳ ಲೆಕ್ಕದಲ್ಲಿ ಅವರಿಲ್ಲ. ಶಿಕಾರಿಪುರದ ಕಡೆಯ ಉಡುತಡಿಯಿಂದ ಕಲ್ಯಾಣದವರೆಗೆ ನಡೆದ ಮಹಾದೇವಿಯಕ್ಕನನ್ನು ಯಾವ ಶಾಲೆಯೂ ಕಳಿಸಿರಲಿಲ್ಲ, ಯಾವ ಸೂಟಿಯೂ ಆಕೆಗೆ ಬೇಕಾಗಿರಲಿಲ್ಲ. ಈಗ ಹಳ್ಳಿಯ ಹುಡುಗಿಯರು ಗೆಳತಿಯರೊಡನೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವರು. ಇದು ಹಿಂದಿನ ಎಲ್ಲದಕ್ಕಿಂತ ಮೇಲಾದ ಬದಲಾವಣೆ.

ಇಂದಿನ ವಿದ್ಯಾರ್ಥಿಯ ಸಹಲಿನಲ್ಲಿ ಕೊರತೆಯಿರುವದು ಬೇರೆ ಕಡೆಗೆ. ಅವನು ಬೆಂಗಳೂರನ್ನೂ ಗೋವೆಯನ್ನೂ ಬಲ್ಲನು. ಬಂಕಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಅವನ ಬಸ್ಸು ನಿಮಿಷ ಹೊತ್ತು ನಿಂತು ಮುಂದಕ್ಕೆ ಸಾಗುವದು. ರನ್ನನು ಓದಿದ ಊರು ಅದೇ ಎಂದು ಅವನಿಗೆ ಹೇಳಿದವರಿಲ್ಲ. ಹೇಳದೆ ಇದ್ದದ್ದು ಹುಡುಗನ ತಪ್ಪಲ್ಲ, ಹಿರಿಯರದು. ೧೯೯೭ರಲ್ಲಿ ಹಾವೇರಿಯು ಜಿಲ್ಲೆಯಾದ ತರುವಾಯ ದಾರಿಗಳು ಸುಲಭವಾಗಿವೆ. ಮೂರು ದಿನ ಕೈಯಲ್ಲಿದ್ದರೆ ಮೊದಲನೆಯ ದಿನ ಬಂಕಾಪುರ ಸಾಕು. ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ನಾಗರೇಶ್ವರನ ಆಲಯವಿದೆ. ಚಾಲುಕ್ಯರ ಕಾಲದ ಈ ಕಟ್ಟಡವು ರನ್ನನು ಅಲ್ಲಿಂದ ಹೋದ ಮೇಲಿನದು. ಅದೇ ಕೋಟೆಯ ಬಯಲು ೨೦೦೬ರಿಂದ ನವಿಲುಗಳ ರಕ್ಷಣಧಾಮವಾಗಿದೆ. ಬೆಳಗಿನ ಜಾವದಲ್ಲಿ ಹೋದವರಿಗೆ ನವಿಲಿನ ಕೂಗು ಕೇಳುವದು. ಎರಡನೆಯ ದಿನ ಹಾನಗಲ್ಲು. ತಾರಕೇಶ್ವರನ ಮಂಟಪದ ನಡುವಣ ಛತ್ತಿನಲ್ಲಿ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲವನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗುವದೇ ಉತ್ತಮ. ಈ ಹೊತ್ತು ಹಿರಿಯರಿಗೂ ನಾಚಿಕೆ ಬೇಡ.

ಮೂರನೆಯ ದಿನ ಬಳ್ಳಿಗಾವೆ ಮತ್ತು ತಾಳಗುಂದ. ಕೋಡಿಯಮಠದ ಗದ್ದಲವಿದ್ದಲ್ಲಿ ಈಗ ಕೇದಾರೇಶ್ವರನ ಗುಡಿಯೂ ಹುಲ್ಲುಗಾವಲೂ ಇವೆ. ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮು೦ದೆ ಕುಬ್ಜನ ಶಾಸನದ ಕಂಬವು ನಿಂತಿದೆ. ಎಂಟು ಮುಖದ ಆ ಕಂಬದ ಮೇಲೆ ಸಾಲುಗಳು ಅಡ್ಡಲಾಗಿ ಸಾಗದೆ ಬುಡದಿಂದ ತುದಿಯ ಕಡೆಗೆ ಏರುತ್ತವೆ. ಆದುದರಿಂದ ಕಂಚಿಯಲ್ಲಿ ಸಿಟ್ಟಿಗೆದ್ದ ಹುಡುಗನ ಕಥೆಯನ್ನು ಓದಬೇಕೆನ್ನುವವನು ಮೊದಲು ನೆಲಕ್ಕೆ ಬಗ್ಗಿ, ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು, ಮೆಲ್ಲನೆ ಮೇಲಕ್ಕೆ ಏಳಬೇಕಾಗುವದು.